ಒಬ್ಬಳೇ ಒಂದು ತಿಂಗಳು ನಡೀಬೇಕು, ಯಾವ ದಾರಿ ಹಿಡೀಲಿ?

ಪ್ರಶ್ನೆ: ಮೇಡಂ, ನಂಗೆ 41 ವರ್ಷ, ದಾವಣಗೆರೆಲಿ ಬ್ಯಾಂಕ್ ಕೆಲಸ. ಕುಮಾರ ಪರ್ವತ, ನೇತ್ರಾವತಿ, ಕೇದಾರಕಂಠ ಎಲ್ಲಾ ಗುಂಪಿನ ಜೊತೆ ಮಾಡಿದೀನಿ, ಆದ್ರೆ ಪ್ರತಿ ಸಲ ಇನ್ಯಾರದೋ ಸ್ಪೀಡಿಗೆ ಏದುಸಿರು ಬಿಟ್ಕೊಂಡು ಓಡಿದ್ದೇ ಆಯ್ತು. ಸೆಪ್ಟೆಂಬರ್ 10ರಿಂದ 40 ದಿನ ಪಿಎಲ್ ರಜೆ ಹಾಕೋ ಪ್ಲಾನ್ ಇದೆ, ಒಂದು ಉದ್ದನೆ ಟ್ರೇಲ್ ಒಬ್ಬಳೇ ನನ್ನ ನಡಿಗೆಲೇ ನಡೀಬೇಕು ಅಂತ ಆಸೆ. ನೇಪಾಳದ ಅನ್ನಪೂರ್ಣ ಸರ್ಕ್ಯೂಟ್, ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲಿನ ಒಂದು ಭಾಗ, ಸ್ಪೇನಿನ ಕಮಿನೊ, ಇಲ್ಲಾ ನಮ್ಮ ಪಶ್ಚಿಮ ಘಟ್ಟ, ಇಷ್ಟು ಲಿಸ್ಟ್ ಮಾಡಿದೀನಿ. ಬಜೆಟ್ 3 ಲಕ್ಷ. ಮೊಟ್ಟೆ ತಿಂತೀನಿ, ಮಾಂಸ ಮೀನು ಇಲ್ಲ. ಅಮ್ಮ ಇನ್ನೂ ಒಪ್ಪಿಲ್ಲ. ಯಾವುದು ಹೇಳ್ತೀರ?

ಉತ್ತರ:

ನಿಮ್ಮ ಪ್ರಶ್ನೆಲಿ ನಂಗೆ ಇಷ್ಟ ಆಗಿದ್ದು "ನನ್ನ ನಡಿಗೆಲೇ" ಅನ್ನೋ ಮಾತು. ಒಬ್ಬಳೇ ಹೋಗ್ತೀನಿ ಅನ್ನೋ ತುಂಬಾ ಜನಕ್ಕೆ ಯಾಕೆ ಅಂತ ಕೇಳಿದ್ರೆ ಫೋಟೋದಲ್ಲಿ ನೋಡಿದ ಒಂದು ಕಣಿವೆ, ಒಂದು ಟೆಂಟು, ಯಾರೂ ಇಲ್ಲದ ಬೆಟ್ಟದ ಸಾಲು, ಅಷ್ಟೇ ಹೇಳ್ತಾರೆ. ನಿಮಗೆ ಬೇಕಿರೋದು ಜನ ಇಲ್ಲದ ಜಾಗ ಅಲ್ಲ, ಬೇರೆಯವರ ಗಡಿಯಾರ ಇಲ್ಲದ ದಾರಿ, ಎರಡೂ ಬೇರೆ ಬೇರೆ. ಇದು ಸ್ಪಷ್ಟ ಆದ್ರೆ ಲಿಸ್ಟಲ್ಲಿ ಮೂರು ತಾನಾಗೇ ಬಿದ್ದುಹೋಗತ್ತೆ.

ನಾನು ದಾರಿ ಆರಿಸೋಕೆ ಇಟ್ಕೊಂಡಿರೋ ಪ್ರಶ್ನೆ ಒಂದೇ. ಸಾಯಂಕಾಲ ನಾಲ್ಕು ಗಂಟೆ, ಕಾಲು ಉಳುಕಿದೆ, ಪಕ್ಕದಲ್ಲಿ ಯಾರೂ ಇಲ್ಲ, ಆಗ ನಾನು ರಾತ್ರಿ ಎಲ್ಲಿರ್ತೀನಿ? ನೋಟ ಎಷ್ಟು ಚೆನ್ನಾಗಿದೆ, ಎಷ್ಟು ಕಿಲೋಮೀಟರ್ ಅನ್ನೋದೆಲ್ಲ ಆಮೇಲೆ. ಗುಂಪಲ್ಲಿ ಹೋದಾಗ ಈ ಪ್ರಶ್ನೆ ಲೀಡರ್ ತಲೇಲಿ ಇರತ್ತೆ, ನಮ್ಮ ತಲೇಲಿ ಇರಲ್ಲ, ಒಬ್ಬರೇ ಹೋದಾಗ ಮೊದಲನೇ ಸಲ ಅದು ನಮ್ಮ ಹೆಗಲಿಗೆ ಬರತ್ತೆ. ಅದಕ್ಕೇ ಮೊದಲನೇ ಸೋಲೋಗೆ ಬಿಟ್ಟು ಬರೋಕೆ ದಾರಿ ಇರೋ ದಾರಿನೇ ಬೇಕು ಅಂತ ನಾನು ಹಟ ಹಿಡಿಯೋದು.

ಪೆಸಿಫಿಕ್ ಕ್ರೆಸ್ಟ್ ಟ್ರೇಲನ್ನ ಮೊದಲು ತೆಗೀರಿ. ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿವರೆಗೆ ಸುಮಾರು 4,265 ಕಿಮೀ, ಪೂರ್ತಿ ನಡೆಯೋರು ಐದು ತಿಂಗಳ ಲೆಕ್ಕದಲ್ಲಿ ಹೋಗ್ತಾರೆ. ಒಂದು ಭಾಗ ಅಂತಲೇ ಇಟ್ಕೊಂಡ್ರೂ ಟೆಂಟು, ಸ್ಟೋವ್, ನಾಲ್ಕೈದು ದಿನದ ಊಟ, ಸಿಯೆರಾ ಬೆಟ್ಟಗಳ ಕಡೆ ಆದ್ರೆ ಕರಡಿ ಬಾಯಿಗೆ ಸಿಗದ ಹಾಗೆ ಊಟ ಇಡೋ ಡಬ್ಬಿ, ಎಲ್ಲಾ ಬೆನ್ನ ಮೇಲೇ ಹೋಗ್ಬೇಕು. ಟೆಂಟಲ್ಲಿ ಒಬ್ಬರೇ ಮಲಗಿ ಅಭ್ಯಾಸ ಇಲ್ಲದೋರು ಅದನ್ನ ಅಮೆರಿಕದ ಕಾಡಲ್ಲಿ ಕಲೀಬಾರದು, ಅಷ್ಟೇ.

ಪಶ್ಚಿಮ ಘಟ್ಟ ಅಂದ್ರೆ ನಂಗೂ ಪ್ರಾಣ, ನಾನು ಸಾಗರದ ಕಡೆಯವಳು. ಆದ್ರೆ ಅಲ್ಲಿ ತಿಂಗಳುಗಟ್ಟಲೆ ಬಾಣದ ಗುರುತು ಹಿಡ್ಕೊಂಡು, ಊರಿಂದೂರಿಗೆ ಮಲಗೋ ಜಾಗ ನೋಡ್ಕೊಂಡು ನಡೆಯೋ ಥರದ ಒಂದು ಟ್ರೇಲ್ ಇಲ್ಲ. ಇರೋದು ಒಂದು ದಿನದ, ಎರಡು ದಿನದ ಬೆಟ್ಟಗಳು. ಅದಕ್ಕೂ ಈಗ ಅರಣ್ಯ ಇಲಾಖೆ ಪರ್ಮಿಶನ್ ಬೇಕು. 2024ರ ಜನವರೀಲಿ ಕುಮಾರ ಪರ್ವತದ ಬುಡದಲ್ಲಿ ಜಾತ್ರೆ ಥರ ಜನ ನಿಂತಿದ್ದ ಫೋಟೋ ಎಲ್ಲರ ಮೊಬೈಲಲ್ಲೂ ಓಡಾಡ್ತಲ್ಲ, ಆಮೇಲಿಂದ ಆನ್‌ಲೈನ್ ಬುಕಿಂಗು, ದಿನಕ್ಕೆ ಇಷ್ಟೇ ಜನ ಅನ್ನೋ ಲೆಕ್ಕ ಎಲ್ಲಾ ಬಿಗಿಯಾಯ್ತು. ಅದು ಒಳ್ಳೇದೇ. ಜೊತೆಗೆ ಆನೆ. ಆನೆ ಇರೋ ಕಾಡಲ್ಲಿ ಒಬ್ಬರೇ ಸದ್ದಿಲ್ಲದೆ ನಡೆಯೋದು ಧೈರ್ಯ ಅಲ್ಲ, ಆನೆಗೂ ತೊಂದರೆ ನಿಮಗೂ ತೊಂದರೆ. ಅದೂ ಅಲ್ದೆ ಸೆಪ್ಟೆಂಬರಲ್ಲಿ ಇಂಬಳ ಇನ್ನೂ ಹಸಿದುಕೊಂಡೇ ಇರ್ತವೆ.

ಅನ್ನಪೂರ್ಣದ ಬಗ್ಗೆ ಸ್ವಲ್ಪ ಉದ್ದ ಹೇಳ್ಬೇಕು, ಯಾಕಂದ್ರೆ ನೀವು ಅದನ್ನೇ ಮೊದಲು ಬರೆದಿದೀರ, ನಿಮ್ಮ ಮನಸ್ಸು ಅಲ್ಲೇ ಇದೆ ಅಂತ ನಂಗೆ ಅನ್ಸತ್ತೆ. ನೇಪಾಳಕ್ಕೆ ನಮಗೆ ವೀಸಾ ಬೇಡ, ಖರ್ಚು ಕಮ್ಮಿ, ದಾಲ್ ಭಾತ್ ಸಿಗತ್ತೆ, ಅಕ್ಟೋಬರ್ ಅಂದ್ರೆ ಅಲ್ಲಿ ಒಳ್ಳೇ ಸೀಸನ್ನು, ಎಲ್ಲಾ ನಿಜ. ಆದ್ರೆ 2023ರ ಏಪ್ರಿಲ್ 1ರಿಂದ ಅಲ್ಲಿಯ ಸರ್ಕಾರ ಹೊರದೇಶದ ಟ್ರೆಕ್ಕರ್ಸ್ ಗೈಡ್ ಇಲ್ಲದೆ ಹೋಗಬಾರದು ಅಂತ ರೂಲ್ ತಂದಿದೆ, ಅನ್ನಪೂರ್ಣ ಪ್ರದೇಶವೂ ಅದರೊಳಗೆ ಬರತ್ತೆ. ಚೆಕ್ ಮಾಡಲ್ಲ, ನಾವು ಹಾಗೇ ಹೋಗಿ ಬಂದ್ವಿ ಅನ್ನೋರು ನಿಮಗೆ ಸಿಕ್ಕೇ ಸಿಕ್ತಾರೆ, ಅವರ ಮಾತು ಕೇಳ್ಬೇಡಿ. ರೂಲ್ ಇರಲಿ ಬಿಡಲಿ, ನಾನು ಒಬ್ಬರೇ ಬೇಡ ಅನ್ನೋದಕ್ಕೆ ಕಾರಣ ಎತ್ತರ.

ಆ ದಾರೀಲಿ ದಾಟಬೇಕಾದ ಥೊರೊಂಗ್ ಲಾ ಅನ್ನೋ ಕಣಿವೆ ದಾರಿ 5,416 ಮೀಟರ್. ನೀವು ಕೇದಾರಕಂಠ ಮಾಡಿದೀರ, ಅದು 3,800 ಚಿಲ್ಲರೆ, ಒಂದು ಬೆಳಿಗ್ಗೆ ಹತ್ತಿ ಇಳಿದಿರ್ತೀರ. ಇಲ್ಲಿ ಮನಾಂಗ್ ಊರೇ 3,540ರಲ್ಲಿದೆ, ಅಲ್ಲಿಂದ ಮೇಲೆ ದಿನಾ ರಾತ್ರಿ ಇನ್ನೂ ಎತ್ತರದಲ್ಲಿ ಮಲಗ್ತಾ ಹೋಗ್ಬೇಕು. ನಾನು ಹೋದಾಗ ಮನಾಂಗಲ್ಲಿ ಒಂದು ದಿನ ರೆಸ್ಟ್ ಮಾಡಿದ್ದೆ, ನೀರು ಕುಡಿದಿದ್ದೆ, ಎಲ್ಲಾ ಪುಸ್ತಕದ ಪ್ರಕಾರವೇ. ಅಲ್ಲಿಂದ ಮೇಲಿರೋ ಯಾಕ್ ಖರ್ಕಾ ಅನ್ನೋ ಜಾಗ ದಾಟಿದ ಮೇಲೆ ಬೆಳಿಗ್ಗೆ ಬಾಗಿಲಲ್ಲಿ ಕೂತು ಶೂ ಲೇಸ್ ಕಟ್ತಿದೀನಿ, ಕಟ್ತಾನೇ ಇದೀನಿ, ಗಂಟು ಬೀಳ್ತಾ ಇಲ್ಲ. ನಂಗೆ ಅದು ವಿಚಿತ್ರ ಅಂತಲೇ ಅನ್ನಿಸ್ಲಿಲ್ಲ, ಲೇಸ್ ಮೇಲೇ ಸಿಟ್ಟು ಬಂತು, ಇದೇನು ದರಿದ್ರ ಲೇಸು ಅಂತ. ಗೈಡ್ ಹುಡುಗ ಎದುರಿಗೆ ನಿಂತು ಟೀ ಕುಡೀತಾ ನೋಡ್ತಿದ್ದವನು ಲೋಟ ಕೆಳಗಿಟ್ಟು "ದೀದೀ, ನೀಚೇ ಚಲ್ತೇ ಹೈಂ", ಅಕ್ಕಾ ಕೆಳಗೆ ಹೋಗೋಣ, ಅಂದ. ನಾನು ಅವನ ಜೊತೆ ಜಗಳ ಆಡಿದೆ, ನಂಗೇನಾಗಿದೆ, ಚೆನ್ನಾಗೇ ಇದೀನಿ ಅಂತ. ಅವನು ಜಗಳಕ್ಕೇ ಬರ್ಲಿಲ್ಲ, ನನ್ನ ಬ್ಯಾಗ್ ಎತ್ಕೊಂಡು ಕೆಳಗೆ ಹೊರಟೇಬಿಟ್ಟ, ಬ್ಯಾಗಿನ ಹಿಂದೆ ನಾನೂ ಹೋದೆ. ಐನೂರು ಮೀಟರ್ ಇಳಿದ ಮೇಲೆ ತಲೆ ತಿಳಿಯಾಯ್ತು, ಆಗ ಅರ್ಥ ಆಯ್ತು ಬೆಳಿಗ್ಗೆ ನಾನು ಚೆನ್ನಾಗಿರ್ಲಿಲ್ಲ ಅಂತ.

ಎತ್ತರದ ಕಾಯಿಲೆ ಜಾಸ್ತಿಯಾದಾಗ ಮೊದಲು ಕೆಡೋದು ನಮ್ಮ ತೀರ್ಮಾನ. ಕಾಲು ನೋವು ನಮಗೆ ಗೊತ್ತಾಗತ್ತೆ, ಬುದ್ಧಿ ಮಂಕಾಗಿದ್ದು ನಮಗೆ ಗೊತ್ತಾಗಲ್ಲ, ಎದುರಿಗೆ ಇರೋರಿಗೇ ಗೊತ್ತಾಗ್ಬೇಕು. ಎದುರಿಗೆ ಯಾರೂ ಇಲ್ಲದಿದ್ರೆ? ಹವಾಮಾನನೂ ಹಾಗೇ. 2014ರ ಅಕ್ಟೋಬರಲ್ಲಿ ವಿಶಾಖಪಟ್ಟಣಕ್ಕೆ ಹುಡ್‌ಹುಡ್ ಚಂಡಮಾರುತ ಹೊಡೀತು ನೆನಪಿದ್ಯಾ, ಅದರದ್ದೇ ಉಳಿಕೆ ಎರಡು ದಿನ ಬಿಟ್ಟು ನೇಪಾಳದಲ್ಲಿ ಹಿಮ ಆಗಿ ಸುರೀತು. ಥೊರೊಂಗ್ ಲಾ ಆಸುಪಾಸಲ್ಲಿ, ಆ ಪ್ರದೇಶದಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು, ಅದೂ ಒಳ್ಳೇ ಸೀಸನ್ನು ಅನ್ನೋ ಅಕ್ಟೋಬರಲ್ಲೇ. ಅನ್ನಪೂರ್ಣಕ್ಕೆ ಹೋಗಿ, ಖಂಡಿತ ಹೋಗಿ, ಒಂದು ಗೈಡ್ ಇಟ್ಕೊಂಡು ಇನ್ನೊಂದು ವರ್ಷ ಹೋಗಿ. ಅದು ನೀವು ಕೇಳಿದ ಸೋಲೋ ಅಲ್ಲ ಅಷ್ಟೇ.

ಹಾಗಾಗಿ ಕಮಿನೊ. ಆದ್ರೆ ಎಲ್ಲರೂ ಹೇಳೋ ಥರ ಅಲ್ಲ.

ಕಮಿನೊ ಅಂದ್ರೆ ಒಂದೇ ದಾರಿ ಅಲ್ಲ, ಸ್ಪೇನಿನ ವಾಯವ್ಯ ಮೂಲೇಲಿರೋ ಸಾಂತಿಯಾಗೊ ದೆ ಕೊಂಪೊಸ್ತೆಲಾ ಚರ್ಚಿಗೆ ನಾನಾ ಕಡೆಯಿಂದ ಬರೋ ಯಾತ್ರೆ ದಾರಿಗಳು. ಹೆಚ್ಚು ಜನ ನಡೆಯೋದು ಫ್ರೆಂಚ್ ದಾರಿ, ಫ್ರಾನ್ಸಿನ ಸೇಂಟ್ ಜಾನ್ ಪಿಯೆ ದೆ ಪೋರ್ ಅನ್ನೋ ಊರಿಂದ ಸುಮಾರು 780 ಕಿಮೀ. ಕ್ರಿಶ್ಚಿಯನ್ ಯಾತ್ರೆ ಆದ್ರೂ ನಡೆಯೋರಲ್ಲಿ ಎಲ್ಲಾ ಥರದೋರೂ ಇರ್ತಾರೆ, ಯಾರೂ ನಿಮ್ಮ ಜಾತಿ ಧರ್ಮ ಕೇಳಲ್ಲ. 2024ರಲ್ಲಿ ಎಲ್ಲಾ ದಾರಿ ಸೇರಿ ನಡೆದು ಸರ್ಟಿಫಿಕೇಟ್ ತಗೊಂಡೋರೇ ಹತ್ತತ್ರ ಐದು ಲಕ್ಷ. ನಿಮಗೆ ಬೇಕಾಗಿದ್ದು ಇಲ್ಲಿದೆ: ಹಳದಿ ಬಾಣದ ಗುರುತು ಕೊನೇವರೆಗೂ ಇರತ್ತೆ, ಹೆಚ್ಚಿನ ಕಡೆ ಐದರಿಂದ ಹತ್ತು ಕಿಲೋಮೀಟರಿಗೆ ಒಂದು ಊರು, ಊರಲ್ಲಿ ನಡೆಯೋರಿಗೇ ಅಂತ ಇರೋ ಅಲ್ಬೆರ್ಗೆ, ಅಂದ್ರೆ ನಮ್ಮ ಛತ್ರ ಅನ್ಕೊಳ್ಳಿ. ಸಾಕಾಯ್ತು ಅಂದ್ರೆ ನಿಂತ್ಕೊಳ್ಳಿ, ಬೆಳಿಗ್ಗೆ ಹನ್ನೊಂದಕ್ಕೇ ನಿಂತ್ಕೊಂಡ್ರೂ ಕೇಳೋರಿಲ್ಲ.

ನಾಲ್ಕು ಗಂಟೆ ಪ್ರಶ್ನೆಗೆ ನಂಗೆ ಅಲ್ಲೇ ಉತ್ತರ ಸಿಕ್ಕಿತ್ತು. ಎಲ್ ಅಸೆಬೊ ಅನ್ನೋ ಬೆಟ್ಟದ ಊರಿಂದ ಮೊಲಿನಸೆಕಾಗೆ ಇಳಿಯೋ ದಾರಿ ಪೂರ್ತಿ ಕಲ್ಲು, ಇಳಿಜಾರು. ಅಲ್ಲಿ ನನ್ನ ಬಲ ಮಂಡಿ ಕೈಕೊಡ್ತು. ಕೂತೆ, ಅತ್ತೆ, ಎದ್ದೆ, ಕುಂಟುತ್ತಾ ರಿಯೆಗೊ ದೆ ಅಂಬ್ರೋಸ್ ಅನ್ನೋ ಪುಟ್ಟ ಊರು ಸೇರಿ ರಾತ್ರಿ ಅಲ್ಲೇ ಉಳ್ಕೊಂಡೆ, ಮಾರನೇ ದಿನ ಟ್ಯಾಕ್ಸಿಲಿ ಪೊನ್‌ಫೆರಾದಾಗೆ ಹೋಗಿ ಮೂರು ದಿನ ಮಲಗಿದೆ. ಫಾರ್ಮಸೀಲಿ ಒಂದು ನೀ ಕ್ಯಾಪು, ಒಂದು ಮುಲಾಮು. ನಾಲ್ಕನೇ ದಿನ ಮತ್ತೆ ನಡೆದೆ. ಆಮೇಲೆ ಒಂದು ವಾರ ಬ್ಯಾಗನ್ನ ಮುಂದಿನ ಊರಿಗೆ ಕಳಿಸ್ಕೊಂಡು ಬರೀ ನೀರು ಹಿಡ್ಕೊಂಡು ನಡೆದೆ, ಸ್ಪೇನಿನ ಪೋಸ್ಟ್ ಆಫೀಸಿನವರೇ ಕೆಲವೇ ಯೂರೋಗೆ ಬ್ಯಾಗ್ ಸಾಗಿಸ್ತಾರೆ. ಅದನ್ನ ಮೋಸ ಅನ್ನೋ ಶೂರರು ದಾರೀಲಿ ಸಿಗ್ತಾರೆ, ಅವರ ಮಂಡಿ ಅವರದ್ದು.

ಈಗ ಲೆಕ್ಕ. 40 ದಿನದಲ್ಲಿ ಹೋಗೋಕೆ ಎರಡು ಬರೋಕೆ ಎರಡು ಕಳೆದ್ರೆ 36. ಮೂರು ದಿನ ರೆಸ್ಟಿಗೆ ಇಡಲೇಬೇಕು, ಉಳಿದಿದ್ದು 33. ಪೂರ್ತಿ 780 ಮಾಡ್ತೀನಿ ಅಂದ್ರೆ ದಿನಕ್ಕೆ 24 ಕಿಲೋಮೀಟರ್ ಹತ್ರ, ಮೂವತ್ಮೂರು ದಿನ ತಪ್ಪದೆ. ಆಗ ಏನಾಗತ್ತೆ ಗೊತ್ತಾ, ಗುಂಪು ಬಿಟ್ಟು ಬಂದು ಕ್ಯಾಲೆಂಡರ್ ಹಿಂದೆ ಓಡ್ತೀರ, ಮತ್ತೆ ಅದೇ ಏದುಸಿರು. ಜೊತೆಗೆ ಸೇಂಟ್ ಜಾನಿಂದ ಮೊದಲನೇ ದಿನವೇ ಪಿರೆನೀಸ್ ಬೆಟ್ಟ, ಸುಮಾರು 25 ಕಿಮೀ, 1,200 ಮೀಟರಿಗಿಂತ ಜಾಸ್ತಿ ಏರು, ಮೈ ಇನ್ನೂ ವಿಮಾನದಲ್ಲೇ ಇರತ್ತೆ. ಮೇಲಾಗಿ ಸೆಪ್ಟೆಂಬರಲ್ಲಿ ಅಲ್ಲಿಂದ ಹೊರಡೋರ ರಶ್ಶು ಜೋರು, ಬೆಡ್ ಸಿಗತ್ತೋ ಇಲ್ವೋ ಅಂತ ಮಧ್ಯಾಹ್ನದಿಂದಲೇ ಓಟ.

ನೀವು ಲೊಗ್ರೊನ್ಯೊ ಇಂದ ಶುರು ಮಾಡಿ. ಮ್ಯಾಡ್ರಿಡ್ಡಿಗೆ ಇಳಿದು ಬಸ್ಸಿಗೋ ರೈಲಿಗೋ ಹತ್ತಿದ್ರೆ ಆಯ್ತು. ಅಲ್ಲಿಂದ ಸಾಂತಿಯಾಗೊ ಸುಮಾರು 615 ಕಿಮೀ, ದಿನಕ್ಕೆ ಹದಿನೆಂಟು ಹತ್ತೊಂಬತ್ತು. ಮೊದಲ ವಾರ 15 ಮಾಡಿ, ಕೊನೆಗೆ 22 ತಾನಾಗೇ ಬರತ್ತೆ. ಪಿರೆನೀಸ್ ತಪ್ಪತ್ತೆ, ಹೌದು, ಹೊಟ್ಟೆ ಉರಿಯತ್ತೆ. ಸರ್ಟಿಫಿಕೇಟಿಗೆ ಏನೂ ತೊಂದರೆ ಇಲ್ಲ, ನಡೆಯೋರಿಗೆ ಕೊನೇ 100 ಕಿಮೀ ಸಾಕು, ಆ ನೂರರಲ್ಲಿ ಕ್ರೆಡೆನ್ಸಿಯಲ್ ಅನ್ನೋ ಯಾತ್ರೆ ಪಾಸ್‌ಬುಕ್ಕಿಗೆ ದಿನಕ್ಕೆ ಎರಡು ಸೀಲು ಹಾಕಿಸ್ಬೇಕು. ಪಾಸ್‌ಬುಕ್ಕು, ಸೀಲು ಅಂದ್ರೆ ನಿಮಗೆ ಹೊಸದಾಗಿ ಹೇಳೋದೇನಿದೆ!

ಬರ್ಗೋಸ್ ಇಂದ ಲಿಯೋನ್ ತನಕ ಬಟ್ಟ ಬಯಲು, ಮೆಸೆತಾ ಅಂತಾರೆ. ಬೋರು ಅಂತ ತುಂಬಾ ಜನ ಬಸ್ ಹತ್ತಿ ದಾಟ್ತಾರೆ. ನೀವು ಹತ್ತಬೇಡಿ, ನೀವು ಹುಡುಕ್ತಿರೋದು ಅಲ್ಲೇ ಸಿಗೋದು. ಕಾರಿಯೋನ್ ಅನ್ನೋ ಊರು ಬಿಟ್ಟ ಮೇಲೆ 17 ಕಿಲೋಮೀಟರ್ ಒಂದು ಊರಿಲ್ಲ, ನೆರಳಿಲ್ಲ, ಹಳೇ ರೋಮನ್ ರಸ್ತೆ, ಗೆರೆ ಎಳೆದ ಹಾಗೆ ನೇರ, ಎರಡೂ ಕಡೆ ಕೊಯ್ದ ಗೋಧಿ ಹೊಲ, ನಮ್ಮ ಬಯಲುಸೀಮೆಲಿ ಜೋಳ ಕೊಯ್ದ ಮೇಲೆ ಇರೋ ಕೂಳೆ ಥರವೇ. ನಾನು ಕತ್ತಲಲ್ಲೇ ಹೊರಟಿದ್ದೆ. ಪಡುವಣಕ್ಕೆ ನಡೆಯೋದಲ್ವಾ, ಸೂರ್ಯ ಬೆನ್ನ ಹಿಂದೆ ಹುಟ್ಟಿ ನನ್ನ ನೆರಳು ನನಗಿಂತ ಮುಂದೆ ಮೂವತ್ತು ಅಡಿ ಉದ್ದ ಹೋಗ್ತಿತ್ತು, ಗಂಟೆ ಗಂಟೆಗೂ ಸ್ವಲ್ಪ ಸ್ವಲ್ಪ ಹತ್ರ ಬಂತು. ಆಮೇಲೆ ಬಿಸಿಲು ಎಡಗಡೆಯಿಂದಲೇ, ಊರಿಗೆ ವಾಪಸ್ ಬಂದಾಗ ನನ್ನ ಎಡಗೈ ಒಂದು ಬಣ್ಣ ಬಲಗೈ ಒಂದು ಬಣ್ಣ. ಕಾಲ್ಸಾದಿಯಾ ಅನ್ನೋ ಮುಂದಿನ ಊರು ತಗ್ಗಲ್ಲಿದೆ, ಕಾಲಿನ ಬುಡಕ್ಕೆ ಬರೋವರೆಗೂ ಕಾಣಲ್ಲ, ಇನ್ನು ಇಲ್ಲವೇ ಇಲ್ಲ, ದಾರಿ ತಪ್ಪಿದೆ ಅಂತ ಅನ್ಕೊಳ್ಳೋ ಹೊತ್ತಿಗೆ ಹೆಂಚು ಕಾಣತ್ತೆ. ಆ ಹದಿನೇಳು ಕಿಲೋಮೀಟರಿಗೆ ಎರಡು ಲೀಟರ್ ನೀರು ಇಟ್ಕೊಳ್ಳಿ, ನಾನು ಒಂದೇ ಬಾಟಲ್ ತಗೊಂಡು ಪೆಚ್ಚಾಗಿದ್ದೆ.

ಹೆಂಗಸರ ವಿಷಯ ನೇರವಾಗಿ ಹೇಳ್ತೀನಿ. ಅಲ್ಬೆರ್ಗೆಲಿ ಗಂಡಸರು ಹೆಂಗಸರು ಒಂದೇ ಹಾಲಲ್ಲಿ ಬಂಕ್ ಬೆಡ್ಡಲ್ಲಿ ಮಲಗ್ತಾರೆ, ಮೊದಲ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ, ಮೂರನೇ ರಾತ್ರಿಗೆ ಗೊರಕೆ ಬಿಟ್ರೆ ಬೇರೇನೂ ಕಾಟ ಇಲ್ಲ ಅಂತ ಗೊತ್ತಾಯ್ತು. ಐದಾರು ದಿನಕ್ಕೊಮ್ಮೆ ಪೆನ್ಸಿಯೋನಲ್ಲಿ, ಅಂದ್ರೆ ಸಣ್ಣ ಲಾಡ್ಜಲ್ಲಿ, ಸ್ವಂತ ರೂಮ್ ಮಾಡಿ, ಬಟ್ಟೆ ಒಗೀರಿ, ಕಾಲು ನೆನೆಸಿ, ಮುಟ್ಟಿನ ದಿನಗಳನ್ನೂ ಆ ರೂಮಿಗೆ ಹೊಂದಿಸ್ಕೊಳ್ಳಿ. ದಾರಿ ಸೇಫಾ ಅಂದ್ರೆ, ಬಹುತೇಕ ಹೌದು, ಆದ್ರೆ ಮುಚ್ಚಿಡಲ್ಲ, 2015ರಲ್ಲಿ ಆಸ್ತೋರ್ಗಾ ಹತ್ರ ಒಬ್ಬರೇ ನಡೀತಿದ್ದ ಅಮೆರಿಕದ ಹೆಂಗಸೊಬ್ಬರ ಕೊಲೆ ಆಗಿತ್ತು, ಕೊಂದವನು ಸಿಕ್ಕಿಬಿದ್ದು ಶಿಕ್ಷೆನೂ ಆಯ್ತು. ಅಲ್ಲಿಯ ಪೊಲೀಸರದ್ದು ಅಲರ್ಟ್‌ಕಾಪ್ಸ್ ಅಂತ ಆಪ್ ಇದೆ, ಒತ್ತಿದ್ರೆ ನಿಮ್ಮ ಲೊಕೇಶನ್ ಅವರಿಗೆ ಹೋಗತ್ತೆ, ಎಮರ್ಜೆನ್ಸಿ ನಂಬರ್ 112. ನಸುಕಲ್ಲಿ ಊರು ಬಿಡುವಾಗ ಮುಂದೆ ಹಿಂದೆ ಯಾರದಾದ್ರೂ ಟಾರ್ಚ್ ಕಾಣ್ತಾ ಇರಲಿ, ಮಾತಾಡಿಸ್ಬೇಕು ಅಂತಿಲ್ಲ. ಬಾಣ ಸ್ವಲ್ಪ ಅನುಮಾನ ಅನ್ನಿಸಿದ್ರೆ ಫೋನಲ್ಲಿ ಮ್ಯಾಪ್ ನೋಡಿ, ನಾಚಿಕೆ ಏನಿಲ್ಲ.

ಊಟ ನಿಜವಾದ ತಲೆನೋವು, ಅದನ್ನ ಯಾರೂ ಸರಿಯಾಗಿ ಹೇಳಲ್ಲ. ಸ್ಪೇನಲ್ಲಿ "ಸಿನ್ ಕಾರ್ನೆ", ಅಂದ್ರೆ ಮಾಂಸ ಬೇಡ, ಅಂತ ಹೇಳಿದ್ರೆ ಪಾಪ ಪ್ರೀತಿಯಿಂದ ಹಂದಿ ಹ್ಯಾಮ್ ಉದುರಿಸಿ ಕೊಡ್ತಾರೆ, ಯಾಕಂದ್ರೆ ಅವರ ಲೆಕ್ಕದಲ್ಲಿ ಎಷ್ಟೋ ಸಲ ಹ್ಯಾಮ್ ಕಾರ್ನೆ ಅಲ್ಲ. ಸಲಾಡ್ ಕೇಳಿದ್ರೆ ಮೇಲೆ ಟ್ಯೂನಾ ಮೀನು ಕೂತಿರತ್ತೆ. ಬೇಳೆ ಸಾರು ನೋಡಿ ಖುಷಿಯಾಗ್ಬೇಡಿ, ಒಳಗೆ ಚೊರಿಜೊ ಅನ್ನೋ ಹಂದಿ ಸಾಸೇಜಿನ ತುಂಡು ಇರತ್ತೆ. ಅದಕ್ಕೆ "ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಪೆಸ್ಕಾದೊ, ಸಿನ್ ಅತೂನ್" (ಮಾಂಸ ಬೇಡ, ಹ್ಯಾಮ್ ಬೇಡ, ಮೀನು ಬೇಡ, ಟ್ಯೂನಾ ಬೇಡ) ಅಂತ ಮಂತ್ರದ ಹಾಗೆ ಬಾಯಿಪಾಠ ಮಾಡಿ. ಮೊಟ್ಟೆ ತಿಂತೀರಲ್ಲ, ಅರ್ಧ ಯುದ್ಧ ಗೆದ್ದ ಹಾಗೆ, ಆಲೂಗಡ್ಡೆ ಮೊಟ್ಟೆದು ತೊರ್ತಿಯಾ ಬೆಳಿಗ್ಗೆಯಿಂದ ಎಲ್ಲಾ ಬಾರಲ್ಲೂ ಇರತ್ತೆ (ಅಲ್ಲಿ ಬಾರ್ ಅಂದ್ರೆ ಕಾಫಿ ತಿಂಡಿ ಸಿಗೋ ಜಾಗ, ಅಮ್ಮನಿಗೆ ಫೋನಲ್ಲಿ "ಬಾರಲ್ಲಿ ಕೂತಿದೀನಿ" ಅನ್ನೋ ಮುಂಚೆ ಇದನ್ನ ವಿವರಿಸಿ). ಕಿಚನ್ ಇರೋ ಅಲ್ಬೆರ್ಗೆ ಸಿಕ್ಕಾಗ ಅನ್ನ ಮಾಡ್ಕೊಳ್ಳಿ, ಸಣ್ಣ ಊರಲ್ಲಿ ಭಾನುವಾರ ಅಂಗಡಿ ಮುಚ್ಚಿರತ್ತೆ, ಶನಿವಾರವೇ ಅಕ್ಕಿ ತಗೊಂಡಿರಿ. ಶೇಂಗಾ ಚಟ್ನಿಪುಡಿ ಅರ್ಧ ಕೆಜಿ ಇರಲಿ. ನಂದು ಲಿಯೋನ್ ಹತ್ರ ಖಾಲಿ ಆಗಿತ್ತು, ಪಕ್ಕದ ಬೆಡ್ಡಿನ ಕೊರಿಯಾದ ಅಜ್ಜ ಅರ್ಧ ತಿಂದಿದ್ದ, ಬದಲಿಗೆ ಅವನ ಖಾರದ ಪೇಸ್ಟ್ ಕೊಟ್ಟ, ಆದ್ರೆ ಚಟ್ನಿಪುಡಿಗೆ ಸಮ ಬರ್ಲಿಲ್ಲ ಅದು.

ದುಡ್ಡು: ಬೆಡ್ಡು, ಊಟ, ಕಾಫಿ ಎಲ್ಲಾ ಸೇರಿ ದಿನಕ್ಕೆ 45 ಯೂರೋ ಇಡಿ. ಯೂರೋಗೆ ನೂರು ರೂಪಾಯಿ ಹಿಡಿದ್ರೆ 36 ದಿನಕ್ಕೆ 1.6 ಲಕ್ಷ ಚಿಲ್ಲರೆ. ಉಳಿದಿದ್ದು ಟಿಕೆಟ್ಟು, ವೀಸಾ, ಇನ್ಶೂರೆನ್ಸು, ಶೂಗೆ. ಸ್ಪೇನಿಗೆ ಬೇಕಾಗೋ ಷೆಂಗೆನ್ ವೀಸಾಗೆ ಇನ್ಶೂರೆನ್ಸ್ ಕಡೇಪಕ್ಷ 30,000 ಯೂರೋ ಕವರ್ ಇರ್ಬೇಕು. ವೀಸಾದವರು ಎಲ್ಲಿ ಮಲಗ್ತೀರಿ ಅಂತ ಕೇಳ್ತಾರೆ, ನಡೆಯೋರಿಗೆ ಅದೇ ಗೊತ್ತಿರಲ್ಲ, ಹಾಗಾಗಿ ಕ್ಯಾನ್ಸಲ್ ಮಾಡೋಕಾಗೋ ಬುಕಿಂಗ್ ಮಾಡಿ, ಜೊತೆಗೆ ಕಮಿನೊ ನಡೀತೀನಿ, ದಿನಾ ಇಂಥಾ ಊರು ಅಂತ ಒಂದು ಪಟ್ಟಿ ಇಡಿ. ನಿಮ್ಮದು ಸರ್ಕಾರಿ ಬ್ಯಾಂಕ್ ಆದ್ರೆ ಆಫೀಸಿನ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನೋ ಪತ್ರ) ಮೊದಲು, ಅದೇ ಎಲ್ಲಕ್ಕಿಂತ ನಿಧಾನ.

ತಯಾರಿ ಬಗ್ಗೆ ನಿಮಗೆ ಜಿಮ್ ಬೇಡ. ನಿಮ್ಮೂರಿಂದ ಮಾಘದಲ್ಲಿ ಕೊಟ್ಟೂರೇಶ್ವರನ ತೇರಿಗೆ ಪಾದಯಾತ್ರೆ ಹೋಗ್ತಾರಲ್ಲ, ಅವರಲ್ಲಿ ಹತ್ತು ವರ್ಷದಿಂದ ಹೋಗ್ತಿರೋ ಒಬ್ಬರನ್ನ ಹಿಡ್ಕೊಂಡು ಕಾಲಿನ ಬೊಕ್ಕೆ ಬಗ್ಗೆ ಕೇಳಿ, ಯಾವ ಅಂಗಡಿಯವನಿಗಿಂತ ಚೆನ್ನಾಗಿ ಹೇಳ್ತಾರೆ. ಕಾಲು ಊದತ್ತೆ, ಅದಕ್ಕೆ ಶೂ ಒಂದು ಸೈಜ್ ದೊಡ್ಡದು. ಬೆಳಿಗ್ಗೆ ಬೆರಳ ಸಂದಿಗೆ ವ್ಯಾಸಲೀನ್. ಉಜ್ಜಿ ಬಿಸಿ ಆಗ್ತಿದೆ ಅನ್ನಿಸಿದ ಕೂಡ್ಲೇ ಕೂತು ಟೇಪ್ ಹಾಕಿ, ಇನ್ನೊಂದು ಕಿಲೋಮೀಟರ್ ಆಗಲಿ ಅನ್ನೋ ಮಾತೇ ಬೊಕ್ಕೆ ಆಗೋದು. ಬ್ಯಾಗು ನೀರು ಬಿಟ್ಟು ಆರು ಕೆಜಿ. ಹೊರಡೋ ಮುಂಚೆ ಒಂದು ಸಲವಾದ್ರೂ ಅದೇ ಬ್ಯಾಗು ಅದೇ ಶೂ ಹಾಕ್ಕೊಂಡು ಮೂರು ದಿನ ಬಿಡದೆ ದಿನಕ್ಕೆ 18 ನಡೀರಿ. ಮೊದಲ ದಿನ ಎಲ್ಲರೂ ನಡೀತಾರೆ, ಮೂರನೇ ದಿನ ಬೆಳಿಗ್ಗೆ ಮಂಚದಿಂದ ಇಳಿಯುವಾಗ ಕಾಲು ಏನು ಹೇಳತ್ತೋ ಅದೇ ನಿಮ್ಮ ರಿಪೋರ್ಟ್ ಕಾರ್ಡ್.

ಇನ್ನು ಅಮ್ಮ. ಒಪ್ಪಿಸೋ ಉಪಾಯ ನನ್ನ ಹತ್ರ ಇಲ್ಲ, ನನ್ನ ಅಮ್ಮ ನಾನು ವಾಪಸ್ ಬಂದ ಮೇಲೇ ಒಪ್ಪಿದ್ದು. ಆದ್ರೆ ಒಂದು ಕರಾರು ಮಾಡ್ಕೊಳ್ಳಿ. ಅಲ್ಲಿ ಮಧ್ಯಾಹ್ನ ಎರಡಕ್ಕೆ ಊರು ಸೇರಿರ್ತೀರ, ಆಗ ಇಲ್ಲಿ ಐದೂವರೆ. ದಿನಾ ಐದೂವರೆಗೆ ಊರ ಹೆಸರು ಒಂದು, ಅಷ್ಟೇ ಮೆಸೇಜು. ರಾತ್ರಿ ಹನ್ನೊಂದರವರೆಗೂ ಬರದಿದ್ರೆ ಅವರು ಯಾರಿಗೆ ಫೋನ್ ಮಾಡ್ಬೇಕು ಅಂತ ನಿಮ್ಮ ಅಣ್ಣನದ್ದೋ ಫ್ರೆಂಡ್‌ದೋ ನಂಬರು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಅಲ್ಲಿವರೆಗೂ ತಾವಾಗಿ ನಿಮಗೆ ಫೋನ್ ಮಾಡಲ್ಲ ಅಂತ ಅಮ್ಮನಿಂದ ಮಾತು ತಗೊಳ್ಳಿ, ನನ್ನ ಅಮ್ಮ ಎರಡನೇ ದಿನವೇ ಅದನ್ನ ಮುರಿದ್ಲು, ನಿಮ್ಮೋರೂ ಮುರೀತಾರೆ.

ವೀಸಾಗೆ ಆರು ತಿಂಗಳ ಮುಂಚಿಂದಲೇ ಅರ್ಜಿ ಹಾಕಬಹುದು. ಬೇಸಿಗೆ ರಜೆ ರಶ್ಶಲ್ಲಿ ಅಪಾಯಿಂಟ್ಮೆಂಟ್ ಸಿಗೋದು ಕಷ್ಟ, ಬೆರಳಚ್ಚು ಕೊಡೋಕೆ ಖುದ್ದು ಹೋಗ್ಬೇಕು, ಅದಕ್ಕೂ ಒಂದು ದಿನ ರಜೆ ಬೇಕು, ಅದನ್ನ ಪಿಎಲ್ಲಿಂದ ಕಳೀಬೇಡಿ, ಸಿಎಲ್ ಹಾಕಿ.